ಗೆಳೆಯನಿಗೊಂದು ಪತ್ರ: ಬೋನ್ಸಾಯ್ ಸಾಮಾನು ಕೊಳ್ಳುವ ಮುಂಚೆ

ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿದೆ. ಕಪ್ಪು ಚೀಲ, ಅದರೊಳಗೆ ಸಾಲಾಗಿ ಹೊಳೆಯುವ ಕತ್ತರಿ, ಕಟರ್, ಕೊಕ್ಕೆ, ಮೇಲೆ 'ಜಪಾನೀಸ್ ಸ್ಟೈಲ್' ಅಂತ ಬಂಗಾರದ ಅಕ್ಷರ. 'ನಮ್ಮ ದೇಶದ್ದೇ ಬ್ರ್ಯಾಂಡು, ತಗೊಂಡುಬಿಡಲಾ?' ಅಂತ ಕೇಳಿದ್ದೀಯ. ಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಬೇರೆ ಸುದ್ದಿ ತೆಗೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಕೇಳುವವರು ಇನ್ನೂ ಇದ್ದಾರೆ, ಹಾಗಾಗಿ ಎಲ್ಲರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಮೊದಲನೇ ಮಾತು. ದೇಶೀ ಬ್ರ್ಯಾಂಡ್ ಬೇರೆ, ದೇಶದಲ್ಲೇ ಮಾಡುವವನು ಬೇರೆ. ಹೊರಗಿಂದ ಡಬ್ಬಗಟ್ಟಲೆ ತರಿಸಿ, ಮೇಲೆ ತಮ್ಮ ಹೆಸರು ಒತ್ತಿಸಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಅದು ತಪ್ಪಲ್ಲ ಬಿಡು, ವ್ಯಾಪಾರ. ಆದರೆ ಆ ಕಟರಿನ ಸ್ಪ್ರಿಂಗ್ ಮುರಿದ ದಿನ ಅವರ ಹತ್ತಿರ ಬೇರೆ ಸ್ಪ್ರಿಂಗ್ ಇರುವುದಿಲ್ಲ. ಆಮದಾದ ಮಾಲಿನ ಪೊಟ್ಟಣದ ಮೇಲೆ ಯಾವ ದೇಶದ್ದು ಅಂತ ಬರೆದಿರಲೇಬೇಕು, ಅದು ಕಾನೂನು. ನಿನ್ನ ಫೋಟೊದಲ್ಲಿ ಪೊಟ್ಟಣದ ಮುಂಭಾಗ ಮಾತ್ರ ಇದೆ. ಹಿಂಭಾಗದಲ್ಲಿ 'ಕಂಟ್ರಿ ಆಫ್ ಒರಿಜಿನ್' ಅನ್ನುವ ಸಣ್ಣ ಸಾಲು ಹುಡುಕು. ಆಮೇಲೆ ಅಂಗಡಿಯವನಿಗೆ ಒಂದು ಫೋನ್ ಮಾಡು. 'ಸ್ಪ್ರಿಂಗ್ ಒಂದೇ ಸಿಗುತ್ತಾ? ಮೊಂಡಾದರೆ ಸಾಣೆ ಹಿಡಿದು ಕೊಡ್ತೀರಾ? ಉಕ್ಕು ಯಾವುದು?' ನಿಜವಾಗಿ ಮಾಡುವವನಾದರೆ ಈ ಮೂರಕ್ಕೂ ಅವನ ಹತ್ತಿರ ಉತ್ತರ ಇರುತ್ತೆ. 'ಹೈ ಕ್ವಾಲಿಟಿ ಸರ್, ಇಂಪೋರ್ಟೆಡ್ ಸ್ಟೀಲ್ ಸರ್' ಅಂದರೆ ಅಲ್ಲಿಗೆ ಮಾತು ಮುಗಿಸು.

ಇಡೀ ಸೆಟ್ ಯಾಕೆ ಬೇಡ ಅಂದರೆ, ಅದರಲ್ಲಿ ಅರ್ಧದಷ್ಟು ನೀನು ಮುಟ್ಟುವುದೇ ಇಲ್ಲ. ನಿನ್ನ ಹತ್ತಿರ ಇರುವುದು ಬಾವಿಕಟ್ಟೆಯಿಂದ ಕಿತ್ತು ತಂದ ಅರಳಿ, ಒಂದು ಬಸರಿ, ಎರಡು ಕಾಗದದ ಹೂ. ಇವಕ್ಕೆ ಒಂದು ಒಳ್ಳೆ ಕತ್ತರಿ, ಕೊಂಬೆಯನ್ನು ಬುಡದಲ್ಲೇ ಕಚ್ಚಿ ತೆಗೆಯಲು ಬಾಯಿ ಒಳಕ್ಕೆ ಬಾಗಿದ ಒಂದು ಕಾನ್‌ಕೇವ್ ಕಟರ್, ಕೊಂಬೆ ಬಗ್ಗಿಸಲು ಸುತ್ತುವ ತಂತಿ ಕತ್ತರಿಸಲು ಒಂದು ನಿಪ್ಪರ್, ಬೇರು ಬಿಡಿಸಲು ಒಂದು ಕೊಕ್ಕೆ ಸಾಕು. ಕೊಕ್ಕೆಯನ್ನು ದಪ್ಪ ಕಂಬಿ ಬಗ್ಗಿಸಿ ನಿಮ್ಮೂರ ವೆಲ್ಡಿಂಗ್ ಅಂಗಡಿಯವನೇ ಮಾಡಿಕೊಡುತ್ತಾನೆ. ತುದಿ ಮಾತ್ರ ಉಜ್ಜಿ ಮೊಂಡು ಮಾಡಿಸು, ಚೂಪಾಗಿದ್ದರೆ ಬೇರಿನ ಸಿಪ್ಪೆ ಸುಲಿಯುತ್ತೆ. ನಿಪ್ಪರ್‌ಗೆ ಬೋನ್ಸಾಯ್ ಹೆಸರೇ ಬೇಕಿಲ್ಲ. ಎಲೆಕ್ಟ್ರಿಷಿಯನ್‌ಗಳ ಜೇಬಿನಲ್ಲಿರುವ ಟಪಾರಿಯಾ ನಡೆಯುತ್ತೆ, ಅದು ನಾಸಿಕ್ ಕಡೆಯ ಕಂಪನಿ. ಬೋನ್ಸಾಯ್ ನಿಪ್ಪರಿನ ಮೂತಿ ಗುಂಡಗಿರುತ್ತೆ, ತೊಗಟೆಗೆ ಗಾಯ ಆಗದಿರಲಿ ಅಂತ. ಮಾಮೂಲಿಯದರ ಮೂಲೆ ಸ್ವಲ್ಪ ಚೂಪು. ನೋಡಿಕೊಂಡು ಕತ್ತರಿಸಿದರೆ ಏನೂ ಆಗಲ್ಲ.

ಕತ್ತರಿ ವಿಷಯಕ್ಕೆ ಬಂದರೆ ನಮ್ಮಲ್ಲೇ ಮೀರತ್ ಇದೆ. ಅಲ್ಲಿ ತಲೆಮಾರುಗಳಿಂದ ಕತ್ತರಿ ಮಾಡುತ್ತಾರೆ, 2013ರಲ್ಲಿ ಮೀರತ್ ಕತ್ತರಿಗೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿತು. ಹಳೇ ಲಾರಿ, ಬಸ್ಸು, ರೈಲುಗಳ ಗುಜರಿ ಉಕ್ಕನ್ನೇ ಕಾಯಿಸಿ ಬಡಿದು ಅಲಗು ಮಾಡುತ್ತಾರೆ. ಅಜ್ಜ ಕೊಂಡಿದ್ದನ್ನು ಮೊಮ್ಮಗ ಬಳಸುತ್ತಾನೆ ಅಂತ ಅಲ್ಲಿಯವರೇ ಹೇಳಿಕೊಳ್ಳುವುದುಂಟು. ಅದು ದರ್ಜಿಗಳ ಕತ್ತರಿ, ನಿಜ. ಒರಟು ಕೊಂಬೆಗೆ ಬೇಡ. ಆದರೆ ಅದರ ಸಣ್ಣ ಸೈಜು ಚಿಗುರು ಚಿವುಟಲು, ಎಲೆ ಉದುರಿಸಲು ಚೆನ್ನಾಗಿರುತ್ತೆ. ಮುಂದೆ ದಪ್ಪ ಕೊಂಬೆ ಕತ್ತರಿಸಬೇಕಾದರೆ ಲೂಧಿಯಾನದ ಫಾಲ್ಕನ್ ಕಂಪನಿಯದರ ಥರದ ಸಿಕೇಚರ್ (ತೋಟದವರು ಕೊಂಬೆ ಸವರುವ ಕತ್ತರಿ) ತಗೋ. ಎರಡು ಅಲಗು ಒಂದರ ಪಕ್ಕ ಒಂದು ಜಾರಿ ಹೋಗುವಂಥದ್ದೇ ಇರಲಿ. ಒಂದು ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುತ್ತದಲ್ಲ, ಅದು ಹಸಿ ಕೊಂಬೆಯನ್ನು ಜಜ್ಜಿಹಾಕುತ್ತೆ.

ಕೈಗೆ ಬಂದ ಕತ್ತರಿಯನ್ನು ಹೇಗೆ ನೋಡಬೇಕು ಅಂದರೆ, ಒಂದು ಹಿಡಿ ಮಾತ್ರ ಹಿಡಿದು ಇನ್ನೊಂದನ್ನು ಮೇಲೆತ್ತಿ ಬಿಡು. ಅದು ನಿಧಾನವಾಗಿ ಇಳಿಯಬೇಕು. ದಡಕ್ ಅಂತ ಬಿದ್ದರೆ ಕೀಲು ಸಡಿಲ, ಅಲ್ಲೇ ನಿಂತರೆ ತೀರಾ ಬಿಗಿ. ಆಮೇಲೆ ಹಳೇ ಪಂಚೆಯ ಒಂದು ತುಂಡನ್ನು ಒದ್ದೆ ಮಾಡಿ ಕತ್ತರಿಸು, ಬುಡದಿಂದ ತುದಿಯವರೆಗೆ. ತುದಿಯಲ್ಲಿ ಬಟ್ಟೆ ಮಡಚಿಕೊಂಡರೆ ವಾಪಸ್ ಇಡು. ಬೋನ್ಸಾಯ್‌ನಲ್ಲಿ ಕೆಲಸವೆಲ್ಲ ನಡೆಯುವುದು ಆ ತುದಿಯಲ್ಲೇ.

ಇನ್ನು ಕಾನ್‌ಕೇವ್ ಕಟರ್. ದುಡ್ಡು ಹಾಕುವುದಾದರೆ ಇಲ್ಲಿ ಹಾಕು. ಸಿಕೇಚರ್‌ನಲ್ಲಿ ಕೊಂಬೆ ತೆಗೆದರೆ ಚಿಕ್ಕದೊಂದು ಮೋಟು ಉಳಿಯುತ್ತೆ. ಅದು ಒಣಗಿ, ಸುತ್ತ ತೊಗಟೆ ಉಬ್ಬಿ, ಕಾಂಡದ ಮೇಲೆ ಗಂಟು ನಿಲ್ಲುತ್ತೆ. ಈ ಕಟರಿನ ಬಾಯಿ ಒಳಕ್ಕೆ ಬಾಗಿರುವುದರಿಂದ ಸ್ವಲ್ಪ ತಗ್ಗಾಗಿ ಕಚ್ಚಿ ತೆಗೆಯುತ್ತೆ. ಗಾಯದ ಅಂಚಿನಿಂದ ಹೊಸ ತೊಗಟೆ ಉಂಗುರದ ಹಾಗೆ ಎದ್ದು, ಒಳಮುಖವಾಗಿ ಬೆಳೆದು ಬಂದು ಆ ತಗ್ಗನ್ನು ತುಂಬುತ್ತೆ. ಗಿಡ ಚುರುಕಾಗಿದ್ದರೆ ಕಾಲಕ್ರಮೇಣ ಗಾಯ ಎಲ್ಲಿತ್ತು ಅಂತ ಬೆರಳಲ್ಲಿ ತಡವಿ ಹುಡುಕಬೇಕು. ಲಾಲ್‌ಬಾಗಿಗೋ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟಕ್ಕೋ ಹೋದಾಗ ಗಿಡದ ಎಲೆ ನೋಡಬೇಡ, ಕಾಂಡದ ಮೇಲಿನ ಹಳೇ ಗಾಯಗಳನ್ನು ಹುಡುಕು. ಯಾವ ಕೈ, ಯಾವ ಕಟರ್ ಅಂತ ಅಲ್ಲೇ ಗೊತ್ತಾಗುತ್ತೆ.

ಕಟರ್ ಮುಚ್ಚಿ ಬೆಳಕಿಗೆ ಹಿಡಿ. ಎರಡು ಬಾಯಿಗಳ ನಡುವೆ ಎಲ್ಲೂ ಬೆಳಕಿನ ಗೆರೆ ಕಾಣಬಾರದು. ತೆಳು ಕಾಗದ ಇಟ್ಟು ಒತ್ತಿದರೆ ಬಾಯಿಯ ಅಗಲಕ್ಕೂ ಸಮನಾಗಿ ತುಂಡಾಗಬೇಕು. ಆಮೇಲೆ ಅಯಸ್ಕಾಂತದ ಪರೀಕ್ಷೆ. ನಿಮ್ಮ ಫ್ರಿಜ್ ಬಾಗಿಲಿಗೆ ಅಂಟಿಸಿರುವುದೇ ಸಾಕು. ಪಾತ್ರೆ ಮಾಡುವ 304 ಸ್ಟೇನ್‌ಲೆಸ್ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಮತ್ತು ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಅದರಲ್ಲಿ ಅಲಗು ಮಾಡಿದರೆ ಹರಿತ ನಿಲ್ಲಲ್ಲ. ಚಾಕು ಮಾಡುವ 420ರಂಥ ಉಕ್ಕು ಅಂಟುತ್ತೆ. ಅಂಟಿದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ, ಅಂಟದಿದ್ದರೆ ಮಾತ್ರ ಖಂಡಿತ ಬೇಡ. ಅಂಗಡಿಯವನು ಸಿಡುಕದಿದ್ದರೆ ಒಂದು ಹೊಸ ಅರವನ್ನು ಕೀಲಿನ ಹತ್ತಿರ ಮೆಲ್ಲಗೆ ಎಳೆದು ನೋಡು, ಆಮೇಲೆ ಅಲಗಿನ ಅಂಚಿನಲ್ಲಿ. ಅಂಚಿನಲ್ಲಿ ಅರ ಜಾರಬೇಕು. ಎರಡೂ ಕಡೆ ಒಂದೇ ಥರ ಕಚ್ಚಿದರೆ ಅದಕ್ಕೆ ಹದ ಕೊಟ್ಟೇ ಇಲ್ಲ ಅಂತ ಅರ್ಥ.

ಕ್ರೋಮ್ ಬಳಿದು ಕನ್ನಡಿ ಹಾಗೆ ಹೊಳೆಯುವುದನ್ನು ನೋಡಿ ಮರುಳಾಗಬೇಡ. ಒಂದು ಸಲ ಸಾಣೆ ಹಿಡಿದರೆ ಅಂಚಿನ ಲೇಪ ಹೋಗುತ್ತೆ, ಅಲ್ಲಿಂದಲೇ ತುಕ್ಕು ಶುರು. ಕಾರ್ಬನ್ ಉಕ್ಕು ಚೆನ್ನಾಗಿ ಹರಿತವಾಗುತ್ತೆ, ಆದರೆ ನಿಮ್ಮ ಕುಂದಾಪುರದ ಉಪ್ಪುಗಾಳಿಗೆ, ಆಷಾಢದ ತೇವಕ್ಕೆ ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತೆ. ನಾನು ಇಲ್ಲಿ ಬೆಂಗಳೂರಿನಲ್ಲಿ ಕಾರ್ಬನ್ನೇ ಇಟ್ಟುಕೊಂಡಿದ್ದೇನೆ. ನಿನಗೆ ಹದ ಕೊಟ್ಟ ಸ್ಟೇನ್‌ಲೆಸ್ ಸರಿ. ಒರೆಸುವ ಸೋಮಾರಿತನ ನಿನಗೆ ಮೊದಲಿಂದಲೂ ಇದೆ, ಅಲ್ವಾ?

ಒರೆಸುವುದಂತೂ ತಪ್ಪಿದ್ದಲ್ಲ. ಅರಳಿ, ಬಸರಿ, ಆಲ ಎಲ್ಲಕ್ಕೂ ಬಿಳಿ ಹಾಲು. ಅದು ಅಲಗಿನ ಮೇಲೆ ಒಣಗಿ ಅಂಟಾದರೆ ಹೊಸ ಕತ್ತರಿಯೂ ಮೊಂಡು ಅನ್ನಿಸುತ್ತೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸು, ಆಮೇಲೆ ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಕೀಲಿಗೆ. ಕಟರ್‌ನಲ್ಲಿ ತಂತಿ ಕತ್ತರಿಸುವವರ ಕೈಗೆ ಅದನ್ನು ಕೊಡಲೇಬೇಡ. ಸಾಣೆಯವನ ಮೋಟಾರು ಚಕ್ರಕ್ಕೂ ಕೊಡಬೇಡ. ಕಿಡಿ ಹಾರಿ ಅಂಚು ನೀಲಿಗಟ್ಟಿತು ಅಂದರೆ ಉಕ್ಕಿನ ಹದ ಹೋಯಿತು ಅಂತಲೇ ಲೆಕ್ಕ. ಎರಡು ಮುಖದ ಕಾರ್ಬೊರಂಡಮ್ ಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ. ಕತ್ತರಿಯ ಹೊರಗಿನ ಇಳಿಜಾರು ಮಾತ್ರ ಉಜ್ಜು. ಒಳಗಿನ ಚಪ್ಪಟೆ ಮುಖ ಮುಟ್ಟಬೇಡ.

ತಂತಿಗೆ ಬೋನ್ಸಾಯ್ ಅಂಗಡಿಗೆ ಹೋಗುವುದೇ ದಂಡ. ಸಣ್ಣ ಸುರುಳಿ, ಗ್ರಾಂ ಲೆಕ್ಕದ ಬೆಲೆ. ಮೋಟಾರ್ ವೈಂಡಿಂಗ್ ಸಾಮಾನು ಮಾರುವಲ್ಲಿ ಅಲ್ಯೂಮಿನಿಯಂ ತಂತಿ ಕಿಲೋ ಲೆಕ್ಕದಲ್ಲಿ ಸಿಗುತ್ತೆ. 2 ಎಂಎಂ ತಂತಿ ಒಂದು ಕಿಲೋಗೆ ಹೆಚ್ಚೂಕಡಿಮೆ 118 ಮೀಟರ್ ಬರುತ್ತೆ. ಅದೇ ದಪ್ಪದ ತಾಮ್ರ ಒಂದು ಕಿಲೋಗೆ 35 ಮೀಟರ್ ಅಷ್ಟೇ, ತೂಕ ಜಾಸ್ತಿ ನೋಡು. ಅಂಗಡಿಯಲ್ಲಿ ಗೇಜ್ ಲೆಕ್ಕ ಹೇಳುತ್ತಾರೆ: 14 ಅಂದರೆ 2 ಎಂಎಂ, 10 ಅಂದರೆ 3.25. ನಂಬರ್ ಏರಿದಷ್ಟೂ ತಂತಿ ಸಣ್ಣ. ಮೆದು ಮಾಡಿದ್ದೇ ಬೇಕು ಅಂತ ಕೇಳು. ಬೆರಳಿಗೆ ಸುತ್ತಿ ಬಿಟ್ಟರೆ ವಾಪಸ್ ಚಿಮ್ಮಬಾರದು. ಕೊಂಬೆಯ ದಪ್ಪದ ಮೂರರಲ್ಲೊಂದು ಭಾಗ ದಪ್ಪದ ತಂತಿ ಸಾಕು. ಮಳೆಗಾಲದಲ್ಲಿ ಅರಳಿ ಎಷ್ಟು ಬೇಗ ಉಬ್ಬುತ್ತೆ ಅಂದರೆ, ಕೆಲವೇ ವಾರದಲ್ಲಿ ತಂತಿ ತೊಗಟೆಯೊಳಗೆ ಇಳಿದಿರುತ್ತೆ. ಆಗಾಗ ನೋಡುತ್ತಿರು. ಬಿಚ್ಚುವಾಗ ಸುತ್ತು ಬಿಡಿಸಲು ಹೋಗದೆ ತುಂಡು ತುಂಡಾಗಿ ಕತ್ತರಿಸಿ ತೆಗೆ.

ಇನ್ನು ಮಣ್ಣು. ಬೋನ್ಸಾಯ್‌ಗೆ ಹಾಕುವ ಹರಳಿನಂಥ ಜಪಾನಿ ಜೇಡಿಮಣ್ಣು ಅಕಡಾಮ ಬೇಕಾ ಅಂತ ಕೇಳಿದ್ದೀಯಲ್ಲ, ಅದಕ್ಕೆ ನನಗೆ ನಗು ಬಂತು. ನೀನಿರುವುದು ಹಂಚಿನ ನಾಡಿನಲ್ಲಿ ಮಾರಾಯ! ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿಂದ ನಿಮ್ಮ ಕರಾವಳಿಯ ಮನೆಗಳ ತಲೆ ಮೇಲೆ ಇರುವುದು ಸುಟ್ಟ ಜೇಡಿಮಣ್ಣೇ. ನಮಗೆ ಬೇಕಾದ್ದೂ ಅದೇ: ನೀರು ಹೀರಬೇಕು, ಗಾಳಿ ಆಡಬೇಕು, ಕರಗಿ ಕೆಸರಾಗಬಾರದು. ಹಳೇ ಮನೆ ಬಿಚ್ಚಿದ ಕಡೆ ಒಡೆದ ಹಂಚು ರಾಶಿ ಬಿದ್ದಿರುತ್ತೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಪಾಚಿ, ಸುಣ್ಣ ಹಿಡಿದದ್ದು ಬಿಟ್ಟು ಶುದ್ಧವಾದದ್ದು ಆರಿಸು. ಒಂದು ಚೂರನ್ನು ರಾತ್ರಿ ನೀರಲ್ಲಿ ಹಾಕಿಡು. ಬೆಳಗ್ಗೆ ಉಗುರಲ್ಲಿ ಕೆರೆದಾಗ ಪೇಸ್ಟಿನ ಹಾಗೆ ಬಂದರೆ ಅದು ಸರಿಯಾಗಿ ಸುಟ್ಟಿಲ್ಲ, ಬಿಸಾಡು. ಒಳ್ಳೆಯದನ್ನು ಗೋಣಿಚೀಲದೊಳಗೆ ಹಾಕಿ, ನೀರು ಚಿಮುಕಿಸಿ, ಸುತ್ತಿಗೆಯಲ್ಲಿ ಕುಟ್ಟು. ಒಣಗಿದ್ದನ್ನು ಕುಟ್ಟಿದರೆ ಏಳುವ ದೂಳು ಎದೆಗೆ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿಕೋ. 6 ಎಂಎಂ ಜರಡಿಯಲ್ಲಿ ಇಳಿದು, 2 ಎಂಎಂ ಜರಡಿಯಲ್ಲಿ ನಿಂತದ್ದು ನಿನ್ನ ಮಾಲು. ಕೆಳಗೆ ಬಿದ್ದ ಪುಡಿ ಕುಂಡಕ್ಕೆ ಹಾಕಿದರೆ ತೂತು ಕಟ್ಟಿ ಬೇರು ಕೊಳೆಯುತ್ತೆ, ಅದನ್ನು ತೆಂಗಿನ ಬುಡಕ್ಕೆ ಚೆಲ್ಲು. ತೊಳೆದ ಚೂರು ಎರಡು ಪಾಲು, ಬೇಬಿ ಜಲ್ಲಿ ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು. ನಿಮ್ಮ ಮಳೆಗೆ ಗೊಬ್ಬರ ಇನ್ನೂ ಕಮ್ಮಿ ಇದ್ದರೂ ಸರಿ. ಮೇಲೆ ಆಗಾಗ ಒಂದು ಚಿಟಿಕೆ ಹೊಂಗೆ ಹಿಂಡಿ. ಕಡಲೆ ಹಿಂಡಿ ಬೇಡ, ಇಲಿ ಬರುತ್ತೆ.

ಗಾಯಕ್ಕೆ ಹಚ್ಚುವ ಜಪಾನಿ ಪೇಸ್ಟೂ ಬೇಡ. ಅರಳಿ ತನ್ನ ಹಾಲಿನಿಂದಲೇ ಗಾಯ ಮುಚ್ಚಿಕೊಳ್ಳುತ್ತೆ. ದೊಡ್ಡ ಗಾಯವಾದರೆ ನಿಮ್ಮ ಅಡಿಕೆ ತೋಟದವರ ಹತ್ತಿರ ಇರುವ ಮೈಲುತುತ್ತ, ಸುಣ್ಣದ ಬೋರ್ಡೋ ಪೇಸ್ಟ್ ಒಂದು ಬಳಿ. ಕಬ್ಬಿಣದ ಡಬ್ಬದಲ್ಲಿ ಕಲಸಬೇಡ, ಕತ್ತರಿಗೂ ತಾಗಿಸಬೇಡ, ಎರಡನ್ನೂ ತಿನ್ನುತ್ತೆ.

ಕುಂಡದ ಬಗ್ಗೆ ಆತುರ ಬೇಡ. ಹಿಮ ಬೀಳುವ ದೇಶದವರಿಗೆ ಒಳಗಿನ ನೀರು ಹೆಪ್ಪುಗಟ್ಟಿ ಕುಂಡ ಒಡೆಯುವ ಭಯ, ಅದಕ್ಕೆ ಅವರು ಕಲ್ಲಿನ ಹಾಗೆ ಸುಟ್ಟ ಸ್ಟೋನ್‌ವೇರ್ ಹುಡುಕುತ್ತಾರೆ. ನಮಗೆ ಆ ಕಾಟ ಇಲ್ಲ. ಉತ್ತರ ಪ್ರದೇಶದ ಖುರ್ಜಾದಲ್ಲಿ ಮಾಡಿದ ತಟ್ಟೆಯಂಥ ಬಣ್ಣದ ಕುಂಡಗಳು ನರ್ಸರಿಗಳಲ್ಲಿ ಸಿಗುತ್ತವೆ. ಹೊರಗಿನ ಬಣ್ಣ ನೋಡುವ ಮುಂಚೆ ಕುಂಡದೊಳಗೆ ಕೈ ಹಾಕು. ಒಳಗೆ ಹೊಳಪು ಬಳಿದಿರಬಾರದು, ತಳ ಸಮನಾಗಿರಬೇಕು, ತೂತು ದೊಡ್ಡದಿರಬೇಕು, ತಂತಿ ಪೋಣಿಸಿ ಗಿಡ ಕಟ್ಟಲು ಬೇರೆ ಸಣ್ಣ ತೂತು ಇರಬೇಕು. ಒಂದು ಲೋಟ ನೀರು ಹುಯ್ದು ಪಕ್ಕಕ್ಕಿಡು. ತೂತಿನ ಸುತ್ತ ನೀರು ನಿಂತರೆ ಆ ಕುಂಡ ಎಷ್ಟೇ ಚೆಂದ ಇದ್ದರೂ ಬೇಡ. ಇಲ್ಲಿ ಬೆಂಗಳೂರಿನ ಕುಂಬಾರರ ಕೇರಿ ಪಾಟರಿ ಟೌನ್‌ನಲ್ಲಿ ಅಳತೆ ಕೊಟ್ಟರೆ ಆಳ ಕಮ್ಮಿ ಇರುವ ಮಣ್ಣಿನ ತಟ್ಟೆ ಮಾಡಿಕೊಡುವವರಿದ್ದಾರೆ. ತಿಗರಿಯಲ್ಲಿ ಗುಂಡಗಿನದು ಮಾತ್ರ ಆಗುತ್ತೆ, ಚೌಕ ಬೇಕೆಂದರೆ ಅಚ್ಚು ಬೇಕು. ಬೇಸಿಗೆಯಲ್ಲಿ ಮಣ್ಣಿನದು ಬೇಗ ಒಣಗುತ್ತೆ, ದಿನಕ್ಕೆ ಎರಡು ಸಲ ನೀರು ಕೇಳುತ್ತೆ. ನಿನ್ನ ಅರಳಿಗೆ ಸದ್ಯಕ್ಕೆ ಕುಂಡವೇ ಬೇಡ, ಕಾಂಡ ಇನ್ನೂ ಪೆನ್ಸಿಲಿನಷ್ಟಿದೆ. ತೂತು ಹೊಡೆದ ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆಳೆಯಲಿ.

ಅಂದರೆ ನೀನು ಈಗ ಕೊಳ್ಳಬೇಕಾದ್ದು ಕತ್ತರಿ, ಕಟರ್, ನಿಪ್ಪರ್, ತಂತಿ. ಕಟರ್ ಮಾತ್ರ ಕಣ್ಣಾರೆ ನೋಡದೆ ತಗೋಬೇಡ. ದೇಶದಲ್ಲೇ ಮಾಡಿದ ಒಂದೊಂದು ತುಂಡು ಚೆನ್ನಾಗಿರುತ್ತೆ, ಅದರ ಪಕ್ಕದ್ದನ್ನೇ ಮುಚ್ಚಿ ಹಿಡಿದರೆ ಬಾಯಿ ನಡುವೆ ಬೆಳಕು ಕಾಣುತ್ತೆ. ಆರಿಸಿ ತಗೊಂಡರೆ ಮೋಸ ಇಲ್ಲ. ಆರಿಸಲು ಬಿಡದ ಅಂಗಡಿಯಾದರೆ ನಾನಂತೂ ಕಾನೆಶಿನ್‌ನಂಥ ಜಪಾನಿನದಕ್ಕೇ ದುಡ್ಡು ಕೂಡಿಡುತ್ತೇನೆ. ದೇಶಾಭಿಮಾನಕ್ಕೆ ಕಾಂಡದ ಮೇಲೆ ಗಂಟು ಬರಿಸಿಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

ತಂತಿ ನಾನೇ ಇಲ್ಲಿಂದ ತರಿಸಿಡುತ್ತೇನೆ. ಅರ್ಧ ಕಿಲೋ 14 ಗೇಜು, ಕಾಲು ಕಿಲೋ 18 ಸಾಕಾ ಅಂತ ಬರಿ. ದಪ್ಪದ್ದು ಆ ಕಾಗದದ ಹೂವಿಗೆ ಬೇಕಾಗಬಹುದು, ಆದರೆ ಅದರ ಹಳೇ ಕೊಂಬೆ ಬಗ್ಗಿಸಲು ಹೋದರೆ ಲಟಕ್ ಅಂತ ಮುರಿಯುತ್ತೆ. ಹಸಿರು ಕೊಂಬೆಯ ಫೋಟೊ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ,
ಬೆಂಗಳೂರಿನ ಗೆಳೆಯ