ಶನಿವಾರದ ಚರ್ಚೆ: ಡಾ. ಗ್ಲೆಂಡಾ ಗ್ರೇ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ದಕ್ಷಿಣ ಆಫ್ರಿಕಾದ ಮಕ್ಕಳ ವೈದ್ಯೆ ಗ್ಲೆಂಡಾ ಗ್ರೇ ಅವರ ಕೆಲಸದ ಬಗ್ಗೆ ಮಾತಾಡೋಣ.

1996ರಲ್ಲಿ ವೈದ್ಯ ಜೇಮ್ಸ್ ಮ್ಯಾಕಿಂಟೈರ್ ಜೊತೆ ಸೇರಿ ಸೊವೆಟೋದ ಬಾರಾಗ್ವನಾಥ್ ಆಸ್ಪತ್ರೆಯಲ್ಲಿ ಸಂಶೋಧನಾ ಘಟಕ ಕಟ್ಟಿದರು. ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟದಂತೆ ತಡೆಯುವುದು ಅದರ ಮುಖ್ಯ ಗುರಿ. ಮುಂದೆ ಅಲ್ಲಿನ ಸರ್ಕಾರವೇ ಇದನ್ನು ತಡೆಯುವ ಔಷಧ ಕೊಡಲು ಹಿಂದೇಟು ಹಾಕಿತ್ತು, ನೆನಪಿರಲಿ.

ನನಗೆ ಜಾಸ್ತಿ ಕುತೂಹಲ ಇರುವುದು ‘ಉಹಾಂಬೊ’ ಎಂಬ ಎಚ್‌ಐವಿ ಲಸಿಕೆ ಪ್ರಯೋಗದ ಬಗ್ಗೆ. ಥಾಯ್ಲೆಂಡ್‌ನಲ್ಲಿ ಸ್ವಲ್ಪ ಫಲ ಕೊಟ್ಟಿದ್ದ ಲಸಿಕೆಯನ್ನೇ ಬದಲಿಸಿ 2016ರಲ್ಲಿ ಶುರು ಮಾಡಿದ್ದರು. 5,407 ಸ್ವಯಂಸೇವಕರು. ಲಸಿಕೆ ಪಡೆದವರಲ್ಲಿ 129 ಜನರಿಗೆ ಸೋಂಕು, ಹೋಲಿಕೆಗಾಗಿ ಹುಸಿ (ಲಸಿಕೆಯಿಲ್ಲದ) ಚುಚ್ಚುಮದ್ದು ಪಡೆದವರಲ್ಲಿ 123. ಅಂದರೆ ಲಸಿಕೆಯಿಂದ ರಕ್ಷಣೆಯೇ ಸಿಗಲಿಲ್ಲ. 2020ರಲ್ಲಿ ನಿಲ್ಲಿಸಿದರು. ಇಷ್ಟಾದರೂ ಮರುವರ್ಷವೇ ಕೋವಿಡ್ ಲಸಿಕೆಯ ‘ಸಿಸೊಂಕೆ’ ಅಧ್ಯಯನದ ಮುಂಚೂಣಿಯಲ್ಲಿ ಇವರಿದ್ದರು. ಸುಮಾರು 5 ಲಕ್ಷ ಆರೋಗ್ಯ ಕಾರ್ಯಕರ್ತರಿಗೆ ಲಸಿಕೆ ಸಿಕ್ಕಿದ್ದು ಹೀಗೆ. ಸುಮ್ನೆ ಮಾತಲ್ಲ, ಅಲ್ವಾ?

ಒಂದು ಮನವಿ. “ಎಚ್‌ಐವಿಗೆ ಲಸಿಕೆ ಬಂತು” ಅನ್ನುವ ಫಾರ್ವರ್ಡ್‌ಗಳನ್ನು ಇಲ್ಲಿ ಹಾಕಬೇಡಿ. ವರ್ಷಕ್ಕೆ 2 ಸಲ ಕೊಡುವ ಲೆನಕಾಪವಿರ್ ಇಂಜೆಕ್ಷನ್ ಸೋಂಕು ತಡೆಯುತ್ತದೆ ನಿಜ, ಆದರೆ ಅದು ಔಷಧ, ಲಸಿಕೆಯಲ್ಲ.

ಪ್ರಶ್ನೆಗಳಿದ್ದರೆ ಶುಕ್ರವಾರ ರಾತ್ರಿಯೊಳಗೆ ಕಳಿಸಿ.