ಉಳಿದದ್ದೆಲ್ಲ ವಾರಗಿತ್ತಿಗೆ

ಥೈರಾಯ್ಡ್ ಮಾತ್ರೆ ಶುರು ಮಾಡಿ ಒಂದು ವರ್ಷವಾಯಿತು. ಹೋದ ವಾರದ ರಿಪೋರ್ಟಿನಲ್ಲಿ ಟಿಎಸ್‌ಎಚ್ 2.8 ಬಂದಿದೆ. ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಕಿ ಇದು, ಈಗ ಸರಿಯಾದ ಮಟ್ಟದಲ್ಲಿದೆ. ಈ ಒಂದು ವರ್ಷ ಜೊತೆಗಿದ್ದವರಿಗೆ ಎರಡು ಮಾತು.

ನನ್ನ ಪಾಠದ ಪೀರಿಯಡ್‌ಗಳನ್ನು ಹಂಚಿಕೊಂಡ ಸ್ಟಾಫ್ ರೂಮಿನ ಗೆಳತಿಯರು, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನ ಆಮೆ ನಡಿಗೆಗೆ ಜೊತೆಯಾದ ಎದುರುಮನೆ ಆಂಟಿ, ಥೈರಾಯ್ಡ್ ಇದ್ದರೂ ಕೋಸು ಬಿಡಬೇಕಾಗಿಲ್ಲ, ಬೇಯಿಸಿ ತಿನ್ನಿ ಎಂದು ನನ್ನ ಪಲ್ಯ ಉಳಿಸಿಕೊಟ್ಟ ಡಾಕ್ಟರ್, ಅಡುಗೆ ಕಲಿತ ನಮ್ಮನೆಯವರು (ಉಪ್ಪು ಇನ್ನೂ ಜಾಸ್ತಿನೇ), ಎಲ್ಲರಿಗೂ ಕೈಮುಗಿಯುತ್ತೇನೆ.

ಇನ್ನು ನನ್ನ ವಾರಗಿತ್ತಿ.

ಹೋದ ಚಳಿಗಾಲದಲ್ಲಿ ಮಂಡ್ಯದಿಂದ ಎರಡು ದಿನಕ್ಕೆಂದು ಬಂದಿದ್ದಳು. ಆಗ ನಾನು ನಿಂತಲ್ಲೇ ತೂಕಡಿಸುತ್ತಿದ್ದೆ. ಬಾಚಣಿಗೆ ತುಂಬ ಕೂದಲು. ಎರಡು ಕಂಬಳಿ ಹೊದ್ದರೂ ಕಾಲು ತಣ್ಣಗೆ. ಮೊದಲು ತೋರಿಸಿದ ಡಾಕ್ಟರ್ "ನಲವತ್ತಾಯ್ತಲ್ಲ, ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿದ್ದರು. ಮನೆಯಲ್ಲಿ ಸೋಮಾರಿತನ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ.

ಆ ರಾತ್ರಿ ಎರಡು ಗಂಟೆಗೆ ಅಡುಗೆಮನೆ ನೆಲದ ಮೇಲೆ ಕೂತು ಅಳುತ್ತಿದ್ದೆ. ಹಾಲಿಗೆ ಹೆಪ್ಪು ಹಾಕುವುದು ಮರೆತಿದ್ದೆ, ಅಷ್ಟೇ. "ನಾನು ಇದ್ದೂ ಸತ್ತ ಹಾಗೆ ಕಣೇ, ನನ್ನಿಂದ ಯಾರಿಗೇನು ಉಪಯೋಗ" ಎಂದುಬಿಟ್ಟೆ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತಿದೆ.

ಅವಳು ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ನನ್ನ ಒಡೆದ ಹಿಮ್ಮಡಿಗೆ ತಿಕ್ಕುತ್ತಾ ಕೂತಳು. ತುಂಬ ಹೊತ್ತು ಮಾತಿಲ್ಲ. ಆಮೇಲೆ, "ಅಕ್ಕಾ, ದನಿ ಯಾಕೆ ಹಿಂಗೆ ಗೊಗ್ಗರಾಗೋಗಿದೆ? ಮುಖಾನೂ ಊದ್ಕೊಂಡಿದೆ. ನಮ್ಮಮ್ಮಂಗೂ ಹಿಂಗೇ ಆಗಿತ್ತು, ಥೈರಾಯ್ಡ್ ಅಂದ್ರು" ಎಂದಳು. ಬೆಳಗಿನವರೆಗೂ ಮಲಗಲಿಲ್ಲ. ಏಳಕ್ಕೆಲ್ಲ ಸರಸ್ವತಿಪುರಂನ ಲ್ಯಾಬ್ ಮುಂದೆ ನನ್ನನ್ನು ನಿಲ್ಲಿಸಿದ್ದಳು. ಎರಡು ದಿನಕ್ಕೆ ಬಂದವಳು ಹನ್ನೊಂದು ದಿನ ಇದ್ದಳು.

ಮಾತ್ರೆ ನುಂಗಿದ ಮಾರನೇ ದಿನವೇ ಎದ್ದು ಓಡಾಡುತ್ತೇನೆ ಎಂದುಕೊಂಡಿದ್ದೆ. ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ, ಆಮೇಲೆ ಡೋಸ್ ನೋಡೋಣ ಎಂದರು ಡಾಕ್ಟರ್. 50 ಮೈಕ್ರೋಗ್ರಾಮಿನಿಂದ 75ಕ್ಕೆ ಬಂದು ನಿಲ್ಲುವಷ್ಟರಲ್ಲಿ ಯುಗಾದಿ ಕಳೆದಿತ್ತು. ಖಾಲಿ ಹೊಟ್ಟೆಗೆ ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ. ಮೈಸೂರಿನವರಿಗೆ ಇದಕ್ಕಿಂತ ಶಿಕ್ಷೆ ಇದೆಯಾ? ಒಂದಷ್ಟು ದಿನ ಕದ್ದು ಕುಡಿದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೇ ನುಂಗುತ್ತಿದ್ದೆ. ಇವೆರಡೂ ಆ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ಟಿಎಸ್‌ಎಚ್ ಅಂಕಿ ಇಳಿಯದ್ದನ್ನು ಕೇಳಿ ವಾರಗಿತ್ತಿ ಫೋನಿನಲ್ಲೇ ನನ್ನ ಕಳ್ಳತನ ಹಿಡಿದಳು. ಕ್ಯಾಲ್ಸಿಯಂ ಈಗ ರಾತ್ರಿ ಊಟದ ಪಾಲಿಗೆ. ಬೆಳಗ್ಗೆ ಆರಕ್ಕೆ "ಮಾತ್ರೆ ಆಯ್ತಾ?" ಎಂಬ ಫೋನ್ ಇವತ್ತೂ ಬಂತು.

ಹೋದ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಪೂರ್ತಿ ಅಲ್ಲ, ನಂದಿಯವರೆಗೆ. ಫೋಟೋ ಕಳಿಸಿದರೆ, "ತಾಯಿ ಮುಖ ನೋಡ್ದೆ ಇಳಿದ್ಬಿಟ್ರಾ?" ಎಂದು ಬೈದಳು. ಮುಂದಿನ ಸಲ ಅವಳನ್ನೂ ಕರೆದುಕೊಂಡು ಹೋಗಬೇಕು. ಅವರಮ್ಮನಿಗಿದ್ದ ಕಾಯಿಲೆ ಅಲ್ವಾ, ಅವಳು ಮಾತ್ರ ಇನ್ನೂ ಟೆಸ್ಟ್ ಮಾಡಿಸಿಲ್ಲ. ಮೊದಲು ಅದೇ ಲ್ಯಾಬಿಗೆ, ಆಮೇಲೆ ಬೆಟ್ಟಕ್ಕೆ.