ಬೆನ್ನಿನ ನೀರು ತೆಗೆಸಲು ಹೆದರಬೇಡಿ

ಮಾನ್ಯ ಸಂಪಾದಕರೇ,

ಪಕ್ಕದೂರಿನ ಹುಡುಗನೊಬ್ಬನಿಗೆ ಇದ್ದಕ್ಕಿದ್ದಂತೆ ಬುದ್ಧಿ ಕೆಟ್ಟಿದೆ. ಡಾಕ್ಟರು ಸೊಂಟದ ಹತ್ತಿರ ಸೂಜಿ ಹಾಕಿ ಬೆನ್ನಿನ ನೀರು (ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರು) ಪರೀಕ್ಷೆಗೆ ತೆಗೆಯಬೇಕು ಅಂದರೆ ಮನೆಯವರು ಒಪ್ಪುತ್ತಿಲ್ಲವಂತೆ. ಅದಕ್ಕೇ ಈ ಪತ್ರ.

ಹೋದ ವರ್ಷ ಅಡಿಕೆ ಸುಲಿಯುವ ಹೊತ್ತಿಗೆ ನನ್ನ ಮಗಳಿಗೆ ಜ್ವರ, ತಲೆನೋವು ಬಂತು. ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ನಮ್ಮ ಕಡೆ ಜ್ವರ ಅಂದರೆ ಮೊದಲು ಮಂಗನ ಕಾಯಿಲೆಯ ಭಯ. ರಕ್ತ ಪರೀಕ್ಷೆಯಲ್ಲಿ ಅದಲ್ಲ ಅಂತ ಬಂತು. ಆಮೇಲೆ ಹುಡುಗಿ ನಿದ್ದೆಯನ್ನೇ ಬಿಟ್ಟಳು. ಸುಮ್ಸುಮ್ನೆ ನಗುವುದು, ನಾನು ಕೊಟ್ಟ ಕಾಫಿಯಲ್ಲಿ ವಿಷ ಇದೆ ಅನ್ನುವುದು. ಅತ್ತೆ ತಾಯಿತ ಕಟ್ಟಿಸಿದರು. ಒಂದು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ಅಂತ ಮೂರು ವಾರ ಮಾತ್ರೆ ಕೊಟ್ಟರು. ಎಂಆರ್‌ಐನಲ್ಲೂ ಏನೂ ಕಾಣಲಿಲ್ಲ. ಅವಳಿಗೆ ನಿಜವಾಗಿ ಇದ್ದ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಹಾಗೇ ಅಂತ ಆಮೇಲೆ ತಿಳಿಯಿತು.

ಒಂದು ರಾತ್ರಿ ಫಿಟ್ಸ್ ಬಂತು. ಶಿವಮೊಗ್ಗಕ್ಕೆ ಕರೆದೊಯ್ದೆವು. ಎಲೆ ಅಡಿಕೆ ಜಗಿಯುವವರ ಹಾಗೆ ಬಾಯಿ ಆಡಿಸುತ್ತಲೇ ಇದ್ದಳು. ಅದನ್ನು ನೋಡಿದ ನರರೋಗದ ಡಾಕ್ಟರು ಬೆನ್ನಿನ ನೀರಿನ ಮಾತೆತ್ತಿದರು. ಸೊಂಟ ಬಿದ್ದುಹೋಗುತ್ತದೆ ಎಂದು ನನ್ನ ಅಣ್ಣ ಜಗಳಕ್ಕೇ ನಿಂತ. ಏನೂ ಬೀಳಲಿಲ್ಲ. ಎರಡು ದಿನ ತಲೆನೋವಿತ್ತು, ಅಷ್ಟೇ.

ನೀರಿನಲ್ಲಿ ಉತ್ತರ ಸಿಕ್ಕಿತು: ಆಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಮೈಯನ್ನು ಕಾಯಬೇಕಾದ ಪ್ರತಿಕಾಯಗಳೇ ಮಿದುಳಿನ ಮೇಲೆ ತಿರುಗಿಬೀಳುವ ಕಾಯಿಲೆ. 2007ರಲ್ಲಷ್ಟೇ ಇದನ್ನು ಸರಿಯಾಗಿ ಗುರುತಿಸಿದ್ದಂತೆ. ವಯಸ್ಸಿನ ಹುಡುಗಿಯರಲ್ಲಿ ಜಾಸ್ತಿ. ಕೆಲವರಿಗೆ ಅಂಡಾಶಯದ ಗೆಡ್ಡೆಯೇ ಕಾರಣವಾಗಿರುತ್ತದೆ, ಅದನ್ನು ತೆಗೆಯಲೇಬೇಕು. ಸ್ಕ್ಯಾನ್‌ನಲ್ಲಿ ಇವಳಿಗೆ ಅದಿರಲಿಲ್ಲ.

ಐದು ದಿನ ಸ್ಟಿರಾಯ್ಡ್ ಡ್ರಿಪ್. ಆಮೇಲೆ ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್. ಐವತ್ತು ಕೆ.ಜಿ. ತೂಕಕ್ಕೆ ದಿನಕ್ಕೆ 20 ಗ್ರಾಂನಂತೆ ಐದು ದಿನ. ಐದು ಗ್ರಾಮಿನ ಬಾಟಲಿ, ಒಟ್ಟು ಇಪ್ಪತ್ತು. ಮೂಟೆ ಲೆಕ್ಕ ಮಾತ್ರ ಗೊತ್ತಿದ್ದ ನಮ್ಮ ಯಜಮಾನರು ಬಾಟಲಿ ಲೆಕ್ಕ ಹಾಕುತ್ತಾ ಅಡಿಕೆ ಮಂಡಿಯಲ್ಲಿ ಮುಂಗಡ ತಂದರು. ಚೇತರಿಕೆ ನಿಧಾನ. ಮೊದಲ ತಿಂಗಳು ನನ್ನನ್ನು ಅಮ್ಮ ಅಂತ ಕರೆಯಲೂ ಇಲ್ಲ. ಈಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಆ ಎರಡು ತಿಂಗಳು ಮಾತ್ರ ಅವಳಿಗೆ ನೆನಪೇ ಇಲ್ಲ. ಒಳ್ಳೆಯದೇ ಆಯ್ತು.

ಆ ಮೂರು ವಾರದ ಸಿಟ್ಟು ನನಗಿನ್ನೂ ಹೋಗಿಲ್ಲ. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದಂತೆ. ಮಂಗನ ಕಾಯಿಲೆಗೆ ಹಳ್ಳಿಯಿಂದ ರಕ್ತದ ಸ್ಯಾಂಪಲ್ ಹೋಗುತ್ತದೆ. ಹಾಗೆಯೇ ತಾಲ್ಲೂಕು ಆಸ್ಪತ್ರೆಯಿಂದ ಬೆನ್ನಿನ ನೀರೂ ಹೋಗಲಿ. ರೋಗಿಯನ್ನು ಕಟ್ಟಿಕೊಂಡು ಘಾಟಿ ರಸ್ತೆಯಲ್ಲಿ ಅಲೆಯುವುದಕ್ಕಿಂತ ಸ್ಯಾಂಪಲ್ಲೇ ಬಸ್ ಹತ್ತಲಿ, ಅಲ್ವಾ? ಐವಿಐಜಿ ಖರ್ಚಿಗೂ ಸರ್ಕಾರ ದಾರಿ ಮಾಡಲಿ. ಎಲ್ಲರ ಮನೆಯಲ್ಲೂ ಅಡಿಕೆ ಇರುವುದಿಲ್ಲ.

– ಒಬ್ಬ ತಾಯಿ, ಹೊಸನಗರ ತಾಲ್ಲೂಕು